ಅಕ್ಕನ ಜಾಮೀನು

ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿ ಐದು ತಿಂಗಳಾಗುವಷ್ಟರಲ್ಲಿ ಅವನಿಗೆ ಒಂದು ಮಾತು ಚೆನ್ನಾಗಿ ಮನದಟ್ಟಾಗಿತ್ತು: ಹದಿನಾಲ್ಕು ಕಿಲೋ ತೂಕದ ಸಲಕರಣೆಯ ಚೀಲ ಹೊತ್ತವನನ್ನು ಕಂಡರೆ ಯಾವ ಬಸ್ಸಿನಲ್ಲೂ ಜನ ಮುಖ ಸಿಂಡರಿಸದೆ ಬಿಡುವುದಿಲ್ಲ.

ಅಂದು ಬೆಳಿಗ್ಗೆ ಒಂಬತ್ತು ಮಹಡಿಯ ಕಟ್ಟಡವೊಂದರ ಲಿಫ್ಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಸಿಕ್ಕಿಕೊಂಡಿದ್ದರು. ಅವನು ಎರಡು ಬಸ್ಸು ಬದಲಿಸಿ, ಉಳಿದ ದಾರಿ ಓಡಿ, ಏದುಸಿರು ಬಿಡುತ್ತ ಬಾಗಿಲು ತೆರೆಯುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಆಕೆ ಬೈಯಲಿಲ್ಲ. “ಅಯ್ಯೋ ಪಾಪ, ನೀನು ನನಗಿಂತ ಸುಸ್ತಾಗಿದ್ದೀಯಲ್ಲಪ್ಪ” ಎಂದು ತಮ್ಮ ನೀರಿನ ಬಾಟಲಿಯನ್ನೇ ಅವನ ಕೈಗಿಟ್ಟರು. ಬೈದಿದ್ದರೇ ವಾಸಿಯಿತ್ತು. ಇನ್ನು ತಡೆಯುವುದಿಲ್ಲ, ಕಾರು ತೆಗೆದುಕೊಂಡೇ ಬಿಡುತ್ತೇನೆ ಎಂದು ಅವನು ಅಲ್ಲೇ ನಿಶ್ಚಯಿಸಿದ.

ನಿಜ ಹೇಳಬೇಕೆಂದರೆ ಆಸೆ ಹಳೆಯದೇ. ದಿನಾ ಬಸ್ಸಿಗೆ ಕಾಯುವ ನಿಲ್ದಾಣದ ಎದುರಿಗೇ ಶೋರೂಮು. ಅದರ ಗಾಜಿನಾಚೆ ತಿಳಿನೀಲಿ ಬಣ್ಣದ ಕಾರು. ಮುಂಗಡವಿಲ್ಲದೆ ಮನೆಗೆ ಒಯ್ಯಿರಿ ಎಂದು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಅಂಟಿಸಿದ್ದರು. ನೋಡಿ ನೋಡಿ ಆ ಕಾರಿನ ಒಂದೊಂದು ತಿರುವೂ ಅವನಿಗೆ ಬಾಯಿಪಾಠವಾಗಿತ್ತು.

ಕೆಲಸ ಕಲಿಸುತ್ತಿದ್ದ ಮೇಸ್ತ್ರಿ ಮಾತ್ರ ಬೇಡವೆಂದು ತಲೆಯಾಡಿಸಿದ. “ಕಾರಿದ್ರೆ ದಿನಕ್ಕೆ ಇನ್ನೆರಡು ಕಡೆ ಹೋಗಿ ಬರ್ತೀಯ, ಸರಿ. ಆದ್ರೆ ಕಂತಿಗೆ ರಜೆ ಅನ್ನೋದಿಲ್ಲ ಕಣೋ. ನೀನು ಜ್ವರ ಬಂದು ಮಲಗಿದ್ರೂ ಅದು ಎದ್ದು ಕೂತಿರುತ್ತೆ.”

ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಒಂದೇ ತೊಡಕು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಸಾಲಕ್ಕೆ ಇನ್ನೊಬ್ಬರ ಜಾಮೀನು ಬೇಕಿತ್ತು. ಅವನಿಗೆ ತನ್ನವರೆಂದು ಇದ್ದವಳು ಅಕ್ಕ ಒಬ್ಬಳೇ. ಅಪ್ಪನನ್ನು ಅವನು ಫೋಟೋದಲ್ಲಷ್ಟೇ ಕಂಡಿದ್ದ. ಅವನಿಗೆ ಏಳು ತುಂಬಿದ ವರ್ಷ ಅಮ್ಮನೂ ಹೋದಳು. ಆಗ ಹತ್ತೊಂಬತ್ತರ ಹುಡುಗಿಯಾಗಿದ್ದ ಅಕ್ಕ ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಅಂದಿನಿಂದ ಇಂದಿನವರೆಗೆ, ಹದಿನಾರು ವರ್ಷ, ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕಿ ಮಡಚುವುದೇ ಅವಳ ಕೆಲಸ. ಬಲಗೈಯ ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು ಬಳೆಗಳ ಹಾಗೆ ಸಾಲುಗಟ್ಟಿದ್ದವು.

ವಿಷಯ ತೆಗೆದಾಗ ಅಕ್ಕ ತಟ್ಟೆ ತೊಳೆಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

“ಜಾಮೀನು ಅಂದ್ರೆ ಸಹಿ ತಾನೆ? ಹಾಕ್ತೀನಿ ಬಿಡು ಮರಿ. ಗಣಿತದಲ್ಲಿ ನೀನು ತರ್ತಿದ್ದ ಮಾರ್ಕ್ಸಿಗೇ ಸಹಿ ಹಾಕಿದೀನಿ, ಇದ್ಯಾವ ಲೆಕ್ಕ?”

ಶನಿವಾರ ಇಬ್ಬರೂ ಶೋರೂಮಿಗೆ ಹೋದರು. ಅಕ್ಕ ಇಸ್ತ್ರಿ ಹಾಕಿದ ಒಳ್ಳೆಯ ಬಟ್ಟೆ ಉಟ್ಟು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ ಎದೆಗವಚಿಕೊಂಡು ಬಂದಿದ್ದಳು. ಸಾಲದ ಮೇಜಿನ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಕನ್ನಡಕಕ್ಕೆ ಸರಪಳಿ ಹಾಕಿ ಕತ್ತಿನಲ್ಲಿ ಇಳಿಬಿಟ್ಟಿದ್ದ ಅವರನ್ನು ಅಲ್ಲಿನವರೆಲ್ಲ ಮೇಡಂ ಎನ್ನುತ್ತಿದ್ದರು. ಮೇಡಂ ಅವನನ್ನು ಕೇಳಬೇಕಾದ್ದನ್ನೆಲ್ಲ ಕೇಳಿ, ಕಂಪ್ಯೂಟರಿನಲ್ಲಿ ಕುಟ್ಟಿ, ತಿಂಗಳ ಕಂತು ಇಷ್ಟು ಎಂದು ಕಾಗದದ ಮೇಲೆ ಬರೆದು ಅವನ ಮುಂದಿಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿದರು.

“ನಿಮ್ಮ ತಿಂಗಳ ಸಂಬಳ ಎಷ್ಟಮ್ಮ?”

ಅಕ್ಕ ತಮ್ಮನ ಮುಖ ಒಮ್ಮೆ ನೋಡಿದಳು. ಮೇಜಿನ ಮೇಲೆ ಬಾಗಿ, ಗುಟ್ಟು ಹೇಳುವವಳಂತೆ ಏನೋ ಅಂದಳು.

“ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ.”

ಅಕ್ಕ ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಅವನು ಮುಂದಿದ್ದ ಕಾಗದವನ್ನು ಇನ್ನೊಮ್ಮೆ ನೋಡಿದ. ಮೇಡಂ ಬರೆದಿಟ್ಟಿದ್ದ ಕಂತು ಅಕ್ಕನ ಇಡೀ ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಆ ಸಂಬಳದಲ್ಲಿ ಮನೆ ಬಾಡಿಗೆ ಹೋಗಿತ್ತು, ಅವನ ಶಾಲೆ ಮುಗಿದಿತ್ತು, ಎರಡು ವರ್ಷದ ತಾಂತ್ರಿಕ ತರಬೇತಿ ಮುಗಿದಿತ್ತು. ಈಗ ಕಾಲಲ್ಲಿರುವ ಕಬ್ಬಿಣದ ಮೂತಿಯ ಬೂಟು ಕೂಡ ಅದರಲ್ಲೇ ಬಂದದ್ದು. “ನನಗೆ ಆಸ್ಪತ್ರೇಲೇ ಹೊಟ್ಟೆ ತುಂಬಿಬಿಡುತ್ತೆ” ಎಂದು ಅವಳು ಎಷ್ಟು ಸಂಜೆ ತಟ್ಟೆ ಹಾಕಿಕೊಳ್ಳದೆ ಎದ್ದಿದ್ದಳೋ! ಒಂಬತ್ತು ಮಹಡಿಯ ಯಂತ್ರದಲ್ಲಿ ದೋಷ ಎಲ್ಲಿದೆಯೆಂದು ಸದ್ದು ಕೇಳಿಯೇ ಹೇಳಬಲ್ಲವನು, ನಿನಗೆಷ್ಟು ಸಂಬಳ ಬರುತ್ತದೆ ಅಕ್ಕ ಎಂದು ಒಂದು ದಿನವೂ ಕೇಳಿರಲಿಲ್ಲ.

ಮೇಡಂ ಕುಟ್ಟುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. ಮ್ಯಾನೇಜರನ ಕೋಣೆಯತ್ತ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

“ನೋಡಪ್ಪ, ಕಾರು ಮಾರಾಟ ಆದ್ರೇನೇ ನನ್ನ ಹೊಟ್ಟೆಪಾಡು. ಆದ್ರೂ ಹೇಳ್ತೀನಿ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನಾಳೆ ಅವರು ಬೇಡ ಅಂದ್ರೆ ಈ ಕಾಗದ ನೇರ ನಿಮ್ಮಕ್ಕನ ಮನೆ ಬಾಗಿಲಿಗೆ ಬರುತ್ತೆ. ಕೆಲಸ ಗಟ್ಟಿಯಾಗ್ಲಿ. ಅಲ್ಲೀತನಕ ಈ ಕಂತಿನ ದುಡ್ಡನ್ನ ತಿಂಗಳು ತಿಂಗಳು ಎತ್ತಿಟ್ಟು ನೋಡು. ಆಗುತ್ತೆ ಅನ್ಸಿದ್ರೆ ಒಂದು ಹಳೇ ಚಿಕ್ಕ ಕಾರು ತಗೋ, ನಿನ್ನ ಹೆಸರಲ್ಲೇ.”

ಅಕ್ಕನಿಗೆ ರೇಗಿಹೋಯಿತು. “ಮೇಡಂ, ನಾನು ಸಹಿ ಹಾಕ್ತೀನಿ ಅಂತಾನೇ ಬಂದವಳು. ಎಲ್ಲಿ ಹಾಕ್ಬೇಕು ತೋರ್ಸಿ.”

“ಬೇಡ ಅಕ್ಕ” ಎಂದ ಅವನು.

“ಯಾಕೋ? ನನ್ನ ಸಂಬಳ ಕೇಳಿ ನಾಚಿಕೆ ಆಯ್ತಾ?”

“ಆಯ್ತು. ಆದ್ರೆ ನಿನ್ನ ಬಗ್ಗೆ ಅಲ್ಲ.”

ಹೊರಗೆ ನಿಲ್ದಾಣದ ಬೆಂಚಿನ ಮೇಲೆ ಅಕ್ಕ ಮುಖ ಊದಿಸಿಕೊಂಡು ಕೂತಳು. ಒಂದು ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

“ಅಷ್ಟು ಸಂಬಳದಲ್ಲಿ ನನ್ನನ್ನ ಹೇಗೆ ಸಾಕಿದೆ?” ಎಂದು ಅವನು ಕೇಳಿದ.

“ಹೇಗೆ ಅಂದ್ರೆ? ನೀನೇನು ಆನೆಮರೀನಾ?” ಎಂದವಳು ಅವನ ಮುಖ ನೋಡಿ ಮೆತ್ತಗಾದಳು. “ನಾನೊಬ್ಬಳೇ ಸಾಕಿದೆ ಅಂತ ಯಾರು ಹೇಳಿದ್ರು ನಿನಗೆ? ನಮ್ಮ ಲಾಂಡ್ರಿ ಹೆಂಗಸರೆಲ್ಲ ಸೇರಿ ಸಾಕಿದ್ದು. ನೀನು ಮೂರನೇ ಕ್ಲಾಸಲ್ಲಿ ಹಾಕ್ಕೊಂಡಿದ್ದು ಸೋಪಕ್ಕನ ಮಗನ ಬೂಟು. ನನಗೆ ಮಧ್ಯಾಹ್ನದ ಪಾಳಿ ಬಿದ್ದಾಗೆಲ್ಲ ನಮ್ಮಲ್ಲೇ ಹಿರಿಯರಾದ ಅಜ್ಜಮ್ಮ ನನ್ನ ಜಾಗದಲ್ಲಿ ತಾವು ನಿಂತು, ಹೋಗೇ, ಮಗು ಶಾಲೆಯಿಂದ ಬರೋ ಹೊತ್ತಾಯ್ತು ಅಂತ ಅಟ್ಟೋರು. ನಾಲ್ಕು ವರ್ಷ ಹಾಗೆ ಮಾಡಿದ್ರು. ನಾನು ಹಾಗೆ ಮನೆಗೆ ಹೋದ ಒಂದು ದಿನಕ್ಕೂ ನನ್ನ ಸಂಬಳ ಕತ್ತರಿಸೋಕೆ ಬಿಡ್ಲಿಲ್ಲ.”

ಅವನು ಅಕ್ಕನ ಮಡಿಲಲ್ಲಿದ್ದ ಕಾಗದದ ಕಟ್ಟನ್ನು ತೆಗೆದು ತಾನು ಹಿಡಿದುಕೊಂಡ. ಮುಂದಿನ ಬಸ್ಸು ಹತ್ತಿದರು.

ಆಮೇಲಿನ ತಿಂಗಳುಗಳಲ್ಲಿ ಚೀಲ ಹಗುರವೇನೂ ಆಗಲಿಲ್ಲ. ಕಂತಿನ ದುಡ್ಡನ್ನು ಎತ್ತಿಡುವುದು ಮೊದಲ ತಿಂಗಳು ಆಟವೆನಿಸಿತು, ಎರಡನೆಯ ತಿಂಗಳು ಹಲ್ಲು ಕಚ್ಚಬೇಕಾಯಿತು, ಮೂರನೆಯದರಲ್ಲಿ ಆಗಲೇ ಇಲ್ಲ. ಆಗ ಅವನಿಗೆ ಮೇಡಂ ಹೇಳಿದ್ದು ಅರ್ಥವಾಯಿತು. ಅರ್ಧಕ್ಕಿಳಿಸಿದ. ಅರ್ಧವನ್ನು ಒಂದು ತಿಂಗಳೂ ತಪ್ಪಿಸಲಿಲ್ಲ. ಹನ್ನೊಂದನೆಯ ತಿಂಗಳು ಕೆಲಸ ಕಾಯಂ ಆದ ಪತ್ರ ಕೈಗೆ ಬಂತು. ಮೇಸ್ತ್ರಿ ತಾನೇ ಜೊತೆಗೆ ಬಂದು, ಎಂಟು ವರ್ಷ ಓಡಿದ ಬೂದು ಬಣ್ಣದ ಕಾರೊಂದರ ಹೊಟ್ಟೆಯ ಕೆಳಗೆ ಮಲಗಿ, ತಟ್ಟಿ ಕುಟ್ಟಿ ನೋಡಿ, “ತಗೋ, ಮೋಸ ಇಲ್ಲ” ಎಂದ.

ಎತ್ತಿಟ್ಟ ದುಡ್ಡಿನಲ್ಲಿ ಬೆಲೆಯ ಮುಕ್ಕಾಲು ಪಾಲು ತೀರಿತು. ಉಳಿದದ್ದಕ್ಕೆ ಒಂದು ವರ್ಷದ ಸಾಲಕ್ಕಾಗಿ ಅವನು ಅದೇ ಮೇಜಿನ ಮುಂದೆ ಹೋಗಿ ಕೂತ. ಮೇಡಂಗೆ ಅವನ ಗುರುತೇ ಸಿಗಲಿಲ್ಲ. ಮೊದಲಿನ ಪ್ರಶ್ನೆಗಳನ್ನೇ ಮೊದಲಿಂದ ಕೇಳಿದರು. ಎಲ್ಲ ಮುಗಿದ ಮೇಲೆ ಅವನು, “ಅವತ್ತು ನೀವು ಸಾಲ ಕೊಡದೆ ಕಳಿಸಿದ್ದಕ್ಕೆ ತುಂಬ ಉಪಕಾರ ಆಯ್ತು ಮೇಡಂ” ಎಂದ. ಅವರು ಗಾಬರಿಯಿಂದ ಅತ್ತಿತ್ತ ನೋಡಿ, “ಶ್! ಗಟ್ಟಿಯಾಗಿ ಹೇಳ್ಬೇಡಪ್ಪ, ಮ್ಯಾನೇಜರು ಒಳಗೇ ಇದಾರೆ” ಎಂದು ನಕ್ಕುಬಿಟ್ಟರು.

ಆ ಮಧ್ಯಾಹ್ನ ಕಾರನ್ನು ಅವನು ನೇರ ಆಸ್ಪತ್ರೆಯ ಹಿಂಬದಿಗೆ ಒಯ್ದ. ಪಾಳಿ ಮುಗಿದು ಲಾಂಡ್ರಿಯವರು ಹೊರಬರುತ್ತಿದ್ದರು. ಅಕ್ಕ ದೂರದಲ್ಲೇ ನಿಂತುಬಿಟ್ಟಳು. ಸೋಪಕ್ಕ ಮಾತ್ರ ಸೀದಾ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿ, “ಲಿಫ್ಟಿನವನ ಕಾರು ಅಂದ್ಮೇಲೆ ಮೇಲಕ್ಕೂ ಹೋಗುತ್ತೇನೋ?” ಎಂದು ಕೇಳಿದಳು. ಅವನು ಬಾಗಿಲು ತೆರೆದು, “ಎಲ್ಲರೂ ಹತ್ತಿ, ಮನೆ ತಲುಪಿಸ್ತೀನಿ” ಎಂದ.

ಮುಂದೆ ಅಜ್ಜಮ್ಮ, ಹಿಂದೆ ಅಕ್ಕನೂ ಸೇರಿ ಮೂವರು. ಕಾರಿನ ತುಂಬ ಸೋಪಿನ, ಬಿಸಿ ಬಟ್ಟೆಯ ವಾಸನೆ. ಒಬ್ಬೊಬ್ಬರ ಬೀದಿ ಒಂದೊಂದು ದಿಕ್ಕು. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಅಜ್ಜಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವನು ಸ್ಟೀರಿಂಗಿನ ಮೇಲಿನ ಕೈ ತೆಗೆಯದೆ, “ಅಜ್ಜಮ್ಮ, ನೀವು ನನಗೋಸ್ಕರ ನಾಲ್ಕು ವರ್ಷ ಅಕ್ಕನ ಪಾಳೀಲಿ ನಿಂತಿದ್ದು ನನಗೆ ಗೊತ್ತೇ ಇರ್ಲಿಲ್ಲ” ಎಂದ.

ಮುದುಕಿ ಹಿಂದೆ ತಿರುಗಿ ಅಕ್ಕನನ್ನು ಗದರಿದಳು. “ಅದನ್ನೆಲ್ಲ ಇವನಿಗೆ ಯಾಕೆ ಹೇಳ್ದೆ?” ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವನು ಇಳಿದು ಬಂದು ಬಾಗಿಲು ತೆರೆದು ಕೈ ನೀಡಿದ. ಅಜ್ಜಮ್ಮ ಇಳಿಯಲಿಲ್ಲ. ಕಾಲುಗಳನ್ನು ಇನ್ನಷ್ಟು ಒಳಗೆ ಚಾಚಿ, ಸೀಟಿಗೆ ಬೆನ್ನು ಒರಗಿಸಿಕೊಂಡು ಆರಾಮಾಗಿ ಕೂತಳು.

“ಮನೇಲೇನು ನನ್ನ ದಾರಿ ಕಾಯ್ತಾ ಇದಾರಾ? ಇನ್ನೊಂದು ಸುತ್ತು ಹಾಕೋ ಮಗನೇ” ಎಂದಳು.