ರೆಗ್ಯುಲೇಟರ್ ಇಲ್ಲದ ನಲವತ್ತು ದೀಪಗಳು

೧

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ಕಥೆಗಾರ ಮೂರು ದಿನ ತಲೆ ಕೆರೆದುಕೊಂಡ. ಮೊದಲ ಡ್ರಾಫ್ಟು "ಬೆಳಕೆಂದರೇನು?" ಎಂಬ ಪ್ರಶ್ನೆಯಿಂದ ಶುರುವಾಗಿತ್ತು. ಓದಿ ಅವನಿಗೇ ನಾಚಿಕೆಯಾಗಿ ಹರಿದುಹಾಕಿದ. ಎರಡನೆಯದರಲ್ಲಿ ನಂದಿ ಬೆಟ್ಟದ ಮೇಲೆ ಮಂಜಿತ್ತು. ಬೆಟ್ಟಕ್ಕೂ ಕಥೆಗೂ ಸಂಬಂಧವಿರಲಿಲ್ಲ. ಮಂಜು ಬಿಟ್ಟಿ ಸಿಗುತ್ತದೆಂದು ಹಾಕಿದ್ದ, ಅಷ್ಟೆ. ಅದೂ ಹೋಯಿತು. ಓದುಗ ಮಹಾಶಯರೇ, ಸೀದಾ ಯಶೋಧರಾ ಹತ್ತಿರ ಹೋಗೋಣ.

೨

೨೦೦೮ನೇ ಇಸವಿ. ಚಿಂತಾಮಣಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಯಶೋಧರಾ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. (ಪಾಲಿಟೆಕ್ನಿಕ್ಕಿನ ಹೆಸರು ಹುಡುಕಬೇಡಿ, ಅದು ಈ ಕಥೆಯಲ್ಲಿ ಮಾತ್ರ ಇದೆ.) ಇನ್‌ಸ್ಟ್ರಕ್ಟರ್ ಎಂದರೆ, ಲೆಕ್ಚರರುಗಳು ಬೋರ್ಡಿನ ಮೇಲೆ ಬರೆದ ಸರ್ಕ್ಯೂಟು ನಿಜವಾಗಿಯೂ ಕೆಲಸ ಮಾಡುವಂತೆ ನೋಡಿಕೊಳ್ಳುವ ಆಸಾಮಿ.

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅವಳ ಸೋದರತ್ತೆ ಮುನಿಗಂಗಮ್ಮ ರೇಷ್ಮೆಹುಳು ಸಾಕುತ್ತಿದ್ದಳು. ನೊಣ ನುಗ್ಗದಿರಲೆಂದು, ಬಿಸಿಲು ತಾಗದಿರಲೆಂದು ಹುಳುಮನೆಯ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿರುತ್ತಾರೆ. ಕರೆಂಟು ಹೋದರೆ ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ತಯಾರಾದ ಹುಳು, ಗಾಜಿನಂತೆ ಮಿರುಗುತ್ತದೆ. ಅದನ್ನು ಆರಿಸಿ ಚಂದ್ರಿಕೆಗೆ, ಆ ಬಿದಿರಿನ ತಟ್ಟೆಗೆ, ಬಿಡಬೇಕು. ಕತ್ತಲೆಯಲ್ಲಿ ಹಣ್ಣು ಯಾವುದು, ಕಾಯಿ ಯಾವುದು? ಸೀಮೆಎಣ್ಣೆ ಬುಡ್ಡಿ ಹಚ್ಚಿದರೆ ಹೊಗೆ ಹುಳಕ್ಕಾಗದು.

ಯಶೋಧರಾ ಅತ್ತೆಗೊಂದು ದೀಪ ಮಾಡಿಕೊಟ್ಟಳು. ದಪ್ಪನೆಯ ಎರಡು ಎಲ್‌ಇಡಿ, ಟ್ರ್ಯಾಕ್ಟರ್ ಬ್ಯಾಟರಿಗೆ ಎರಡು ವೈರು, ನಡುವೆ ಮೂರು ಕಾಲಿನ ಒಂದು ರೆಗ್ಯುಲೇಟರ್. ಬ್ಯಾಟರಿ ಎಷ್ಟೇ ತಳ್ಳಲಿ, ದೀಪಕ್ಕೆ ಬೇಕಾದಷ್ಟೇ ಕರೆಂಟನ್ನು ಅದು ಬಿಡುತ್ತದೆ. (ಇದೇ ಕೆಲಸಕ್ಕೆ ಎರಡೇ ಕಾಲಿನ ಡಯೋಡೂ ಉಂಟು. ಆದರೆ ಅದು ಕಡ್ಡಿಯಂಥ ಸಣ್ಣ ದೀಪಕ್ಕೆ ಸರಿ, ಇಷ್ಟು ದೊಡ್ಡದಕ್ಕೆ ಸಾಲದು.) ರೆಗ್ಯುಲೇಟರ್ ಬಿಸಿಯಾಗದಿರಲೆಂದು ಹಳೇ ಅಲ್ಯೂಮಿನಿಯಂ ಮುಚ್ಚಳ ಕತ್ತರಿಸಿ ಅದರ ಬೆನ್ನಿಗೆ ಕಟ್ಟಿದ್ದಳು. ದೀಪ ಎರಡು ಬೆಳೆ ಉರಿಯಿತು.

೩

ಈಗ ಮಧುಸೂದನ್ ಸರ್ ಬರುತ್ತಾರೆ. ಕಥೆಗಾರನಿಗೆ ಇವರನ್ನು ಕಂಡರೆ ಆಗುವುದಿಲ್ಲ, ಮುಚ್ಚಿಡುವುದೇಕೆ. ವಿಭಾಗದ ಮುಖ್ಯಸ್ಥರು. ಸೋಲ್ಡರಿಂಗ್ ಕಡ್ಡಿಯನ್ನು ಕೊನೆಯ ಸಲ ಮುಟ್ಟಿದ್ದು ತಮ್ಮದೇ ಡಿಪ್ಲೊಮಾ ಪರೀಕ್ಷೆಯಲ್ಲಿ. ಅವರ ಕಣ್ಣಿಗೆ ಈ ದೀಪ ಬಿತ್ತು. ರೇಷ್ಮೆ ಬೆಳೆಗಾರರಿಗೆ ನಲವತ್ತು ದೀಪ ಕೊಡುವ ಯೋಜನೆ ತಕ್ಷಣ ತಯಾರಾಯಿತು, ಅವರದೇ ಹೆಸರಿನಲ್ಲಿ. ಒಂದು ಸುಧಾರಣೆಯನ್ನೂ ಮಾಡಿದರು.

"ಈ ಮೂರು ಕಾಲಿಂದು ತೆಗ್ದುಬಿಡಿ ಯಶೋಧರಾ. ಅದು ತಿನ್ನೋ ವೋಲ್ಟೇಜಲ್ಲಿ ಇನ್ನೊಂದು ಎಲ್‌ಇಡಿ ಉರಿಯುತ್ತೆ. ಒಂದು ರೆಸಿಸ್ಟರ್ ಹಾಕಿ, ಸಾಕು."

ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಹದಿನಾಲ್ಕು ವೋಲ್ಟ್ ದಾಟುತ್ತದೆ, ರೆಸಿಸ್ಟರ್ ಒಂದೇ ಇದ್ದರೆ ದೀಪಕ್ಕೆ ಎರಡರಷ್ಟು ಕರೆಂಟು ನುಗ್ಗುತ್ತದೆ, ಸುಟ್ಟುಹೋಗುತ್ತದೆ ಎಂದು ಯಶೋಧರಾ ಕಾಗದದ ಮೇಲೆ ಬರೆದು ತೋರಿಸಿದಳು. ಸರ್ ಆ ಕಾಗದದ ಮೇಲೆ ಟೀ ಲೋಟ ಇಟ್ಟರು.

ಇಲ್ಲಿ ಕಥೆಗಾರ "ಯಶೋಧರಾ ಕಡ್ಡಿ ಬಿಸಾಕಿ ಹೊರಟುಹೋದಳು" ಎಂದು ಬರೆದಿದ್ದ. ಅವಳು ಒಪ್ಪಲಿಲ್ಲ. ತನ್ನದು ಇನ್ನೂ ಕಾಯಂ ಆಗದ ಕೆಲಸ, ಮನೆಯಲ್ಲಿ ದುಡಿಯುವವಳು ತಾನೊಬ್ಬಳೇ ಎಂದಳು. "ನಿಮ್ಗೇನು, ಬರ್ದು ಎದ್ದು ಹೋಗ್ತೀರಾ." ಕಥೆಗಾರ ಸುಮ್ಮನೆ ಆ ಸಾಲು ಹೊಡೆದುಹಾಕಿದ.

ಅವಳು ಕೂತು ನಲವತ್ತೂ ದೀಪಗಳಿಗೆ ಬೆಸುಗೆ ಹಾಕಿದಳು. ಒಂದೊಂದನ್ನು ಮುಗಿಸುವಾಗಲೂ ಇದು ಸುಡುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಬೆಸುಗೆಯೂ ಕೆಡಲಿಲ್ಲ. ಅದೇ ಆಮೇಲೆ ಅವಳನ್ನು ಹೆಚ್ಚು ಕಾಡಿದ್ದು.

ಮತ್ತೆ ೩ (ಮೊದಲನೆಯದರಲ್ಲಿ ಹಿಡಿಯಲಿಲ್ಲ)

ಶಿಡ್ಲಘಟ್ಟದಲ್ಲಿ ಹಂಚಿಕೆಗೆಂದು ಕರೆದ ಸಭೆಯಲ್ಲಿ ದೀಪಗಳು ಥಳಥಳ ಹೊಳೆದವು. ಅತ್ತೆಯ ದೀಪವನ್ನು ಪಕ್ಕದಲ್ಲಿಟ್ಟರೆ ಅದು ಮಂಕಾಗಿ ಕಂಡಿತು. ಬೆಳೆಗಾರರು ನಕ್ಕರು. ಸರ್ ಶಾಲು ಹೊದೆಸಿಕೊಂಡರು. ಫೋಟೋದಲ್ಲಿ ಯಶೋಧರಾಳ ಮೊಣಕೈ ಬಂದಿದೆ.

ತಿಂಗಳೊಳಗೆ ದೀಪಗಳು ಒಂದೊಂದಾಗಿ ಸತ್ತವು. ಅಮ್ಮಾಜಮ್ಮ ಎಂಬಾಕೆಯ ಹುಳುಮನೆಯಲ್ಲಿ ಸತ್ತದ್ದು ಹುಳು ಹಣ್ಣಾಗುವ ದಿನವೇ. ರಾತ್ರಿ ಬೇರೆ, ಕರೆಂಟಿಲ್ಲ. ತಡಕಾಡಿ ಆರಿಸಿದ್ದರಲ್ಲಿ ಕಾಯಿಹುಳುಗಳೂ ಚಂದ್ರಿಕೆಗೆ ಹೋದವು. ಅರ್ಧಕ್ಕರ್ಧ ಗೂಡು ತೆಳ್ಳಗೆ, ಕಲೆಕಲೆ. ಸತ್ತ ದೀಪ ಹಿಡಿದುಕೊಂಡು ಆಕೆ ಬಸ್ಸು ಹತ್ತಿ ಚಿಂತಾಮಣಿಗೆ ಬಂದಳು.

ಡಿಸೈನ್ ಸರಿಯಾಗಿಯೇ ಇತ್ತು, ಸೋಲ್ಡರಿಂಗ್ ಮಾಡಿದ್ದು ಇವರು ಎಂದು ಸರ್ ಯಶೋಧರಾಳ ಕಡೆ ಬೆರಳು ತೋರಿಸಿ ಕ್ಲಾಸಿಗೆ ಹೋದರು. ಅವರಿಗೆ ಆ ಗಂಟೆಯಲ್ಲಿ ಕ್ಲಾಸಿರಲಿಲ್ಲ.

೫ (೪ ಬೇಡವಾಯಿತು)

ಇಲ್ಲಿಗೆ ಎರಡು ಅಂತ್ಯಗಳು ತಯಾರಿದ್ದವು.

ಅ: ಟೀ ಕಲೆಯಾದ ಆ ಕಾಗದ ತೆಗೆದು ಯಶೋಧರಾ ಪ್ರಿನ್ಸಿಪಾಲರಿಗೆ ತೋರಿಸುತ್ತಾಳೆ. ಸರ್‌ಗೆ ಮುಖಭಂಗ. ಓದುಗರಿಗೆ ಸಂತೋಷ. ಇಂಥ ಸಂತೋಷ ಬೇಕಿದ್ದವರು ಟಿ.ವಿ. ಹಾಕಿಕೊಳ್ಳಬಹುದು.

ಆ: ಕೆಲಸ ಬಿಟ್ಟು ಸ್ವಂತ ದೀಪದ ಅಂಗಡಿ ಇಡುತ್ತಾಳೆ. ಇದನ್ನು ಪ್ರೇರಣಾದಾಯಕ ಎನ್ನುತ್ತಾರೆ. ಕಥೆಗಾರನಿಗೆ ವಾಕರಿಕೆ ಬಂತು.

ನಡೆದದ್ದು ಬೇರೆ. ಯಶೋಧರಾ ಅಮ್ಮಾಜಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ದೀಪ ಬಿಚ್ಚಿ ನೋಡಿದಳು. ಮೂರರಲ್ಲಿ ಒಂದು ಎಲ್‌ಇಡಿ ಕಪ್ಪಗಾಗಿತ್ತು. ಬೆಸುಗೆ ಕನ್ನಡಿಯಂತಿತ್ತು.

"ಬೆಸುಗೆ ನಂದೇ. ಅದು ಕೆಟ್ಟಿಲ್ಲ. ಇದರಲ್ಲಿ ಇರ್ಬೇಕಾದ್ದು ಇಲ್ಲ, ಸುಟ್ಟೋಗುತ್ತೆ ಅಂತ ಗೊತ್ತಿತ್ತು ನಂಗೆ."

"ಗೊತ್ತಿದ್ದೇ ಮಾಡ್ದ್ಯಾ?"

"ಹೂಂ."

ಅಮ್ಮಾಜಮ್ಮ ದೀಪ ಕಿತ್ತುಕೊಂಡಳು. "ಗೊತ್ತಿಲ್ದೆ ಮಾಡಿದ್ರೆ ಬೈದು ಹೋಗ್ತಿದ್ದೆ ಕಣಮ್ಮ." ಎದ್ದು ಹೊರಟುಹೋದಳು.

೬

ಆಮೇಲಿನ ಭಾನುವಾರಗಳೆಲ್ಲ ಯಶೋಧರಾ ಬಸ್ಸಿನಲ್ಲಿ ಊರೂರು ತಿರುಗಿದಳು. ಸತ್ತ ಒಂದು ಎಲ್‌ಇಡಿ ಕೀಳುವುದು, ಆ ಜಾಗಕ್ಕೆ ಮೂರು ಕಾಲಿನದನ್ನು ಕೂರಿಸುವುದು. ಮೂರರಲ್ಲಿ ಒಂದು ಬಲ್ಬು ಕದ್ದೊಯ್ದಳೆಂದು ಕೆಲವರು ಗೊಣಗಿದರು. ಈ ರಿಪೇರಿ ತಾವೇ ಹಾಕಿಕೊಂಡ ಯೋಜನೆಯ ಎರಡನೇ ಹಂತ ಎಂದು ಸರ್ ವರದಿ ಬರೆದರು. ಅವರ ವಿಷಯ ಸಾಕು.

ಮೂವತ್ತೊಂಬತ್ತು ದೀಪ ಮುಗಿದವು. ಅಮ್ಮಾಜಮ್ಮ ಮಾತ್ರ ತನ್ನದನ್ನು ಕೊಡಲಿಲ್ಲ. ಹುಳುಮನೆಯ ಗೋಡೆಯಲ್ಲಿ ಮೊಳೆಗೆ ನೇತುಹಾಕಿದ್ದಳು. ಯಶೋಧರಾ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಕಾಫಿ ಸಿಕ್ಕಿತು, ದೀಪ ಸಿಗಲಿಲ್ಲ.

ಐದನೆಯ ಸಲ ಹೋದಾಗ ಹುಳು ಹಣ್ಣಾಗಿದ್ದವು. ಕರೆಂಟು ಹೋಯಿತು. ಅಮ್ಮಾಜಮ್ಮ ಒಂದು ಕಿಟಕಿಯ ಗೋಣಿತಾಟು ಎತ್ತಿ ಕಟ್ಟಿ, ಬಾ ಎಂದು ಕರೆದಳು. ಇಬ್ಬರೂ ಆ ತುಣುಕು ಬೆಳಕಿನಲ್ಲಿ ಕೂತು ಆರಿಸತೊಡಗಿದರು. ಬ್ಯಾಗಿನಲ್ಲಿ ರೆಗ್ಯುಲೇಟರ್ ಇತ್ತು. ಯಶೋಧರಾ ಅವತ್ತು ದೀಪ ಕೇಳಲಿಲ್ಲ.

ಅಮ್ಮಾಜಮ್ಮ ಕೊನೆಗೆ ದೀಪ ಕೊಟ್ಟಳೆಂದು ಬರೆಯಲೇ ಎಂದು ಕಥೆಗಾರ ಯಶೋಧರಾಳನ್ನು ಕೇಳಿದ. ಕೊಡದಿದ್ದದ್ದನ್ನು ಬರೆಯಬೇಡಿ ಎಂದಳು. ಕ್ಷಮಿಸಿದ್ದಾಳೆಂದಾದರೂ? ಅದು ನಿಮಗೆ ಹೇಗೆ ಗೊತ್ತು ಎಂದಳು.

ಯಶೋಧರಾ ಒಂದು ಹುಳು ಎತ್ತಿ ಚಂದ್ರಿಕೆಗೆ ಹಾಕುವಷ್ಟರಲ್ಲಿ ಅಮ್ಮಾಜಮ್ಮ ಕೈ ಹಿಡಿದು ತಡೆದಳು.

"ಇದಿನ್ನೂ ಹಣ್ಣಾಗಿಲ್ಲ. ಸೊಪ್ಪು ತಿನ್ಲಿ, ಬಿಡು."

ಇದರಲ್ಲಿ ಸಂಕೇತ ಹುಡುಕಲು ಹೊರಟ ಓದುಗರೇ, ದಯವಿಟ್ಟು ಕೂತುಕೊಳ್ಳಿ. ಅಮ್ಮಾಜಮ್ಮ ಹೇಳಿದ್ದು ಹುಳುವಿನ ವಿಷಯ. ಇನ್ನೂ ಮೂರು ತಟ್ಟೆ ಹುಳು ಆರಿಸುವುದು ಬಾಕಿ ಇತ್ತು.