ಹೊಳೆವ್ವ ತಂದುಕೊಟ್ಟ ಗಾಲಿ

ಹೊಳೆವ್ವನ ನಡಿಗೆ ನೆಲದ ಯೋಗಕ್ಷೇಮ ವಿಚಾರಿಸುವವರ ನಡಿಗೆಯಾಗಿತ್ತು. ಹಿಮ್ಮಡಿ ಊರಿ, ಒಂದು ಕ್ಷಣ ತಡೆದು, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಇಳಿಸುವ ಆ ಬರಿಗಾಲಿನ ಗತಿಯನ್ನು ಕಂಡವರು ಅದನ್ನು ಕಾಲುನೋವೆಂದೇ ತಿಳಿಯುತ್ತಿದ್ದರು. ಸತ್ತಿ ಎಂಬ ಊರಿನ ಆಚೆ ಕೃಷ್ಣೆಯ ದಂಡೆಯ ಹಾಳುದಿಬ್ಬದಲ್ಲಿ ಉತ್ಖನನ ನಡೆದಾಗ ಅವಳು ಮಣ್ಣಿನ ಬುಟ್ಟಿ ಹೊತ್ತದ್ದನ್ನು ಕಂಡ ನಮಗೆ ಮಾತ್ರ ಅದರ ಮರ್ಮ ಗೊತ್ತಿತ್ತು.

ಅದು ೧೯೬೪. ನಾನು ಅಲ್ಲಿ ನಕ್ಷೆ ಬರೆಯುವ ವಿದ್ಯಾರ್ಥಿ. ಟೊಪ್ಪಿಗೆ, ಬೂಟು, ಎಲ್ಲ ಬಲ್ಲೆನೆಂಬ ಜಂಬ, ಮೂರನ್ನೂ ಧರಿಸಿ ಓಡಾಡುತ್ತಿದ್ದೆ. ಒಂದು ಮುಂಜಾನೆ ಕೂಲಿಯ ಜಕ್ಕಪ್ಪ ಗುದ್ದಲಿ ಎತ್ತಿದ್ದೇ ತಡ, ಹೊಳೆವ್ವ ಕೂಗಿದಳು: "ತಡೀಲೇ ಜಕ್ಕಪ್ಪ, ಕಾಲಿಗೆ ಅಂಗಳಾ ಹತ್ತಾಕತ್ತೈತಿ!" ನಾವೆಲ್ಲ ನಕ್ಕೆವು. ಸಂಜೆಯ ಹೊತ್ತಿಗೆ ಕುಂಚದಿಂದ ಮಣ್ಣು ಸರಿಸಿದಾಗ, ಸಾವಿರಾರು ವರ್ಷಗಳ ಹಿಂದೆ ಯಾರೋ ಬಡಿದು ಸಾರಿಸಿದ ನೆಲ ಕಣ್ಣೆದುರಿಗಿತ್ತು. ಮರುದಿನದಿಂದ ನಾನೂ ಬೂಟು ಕಳಚಿದೆ. ನನ್ನ ಪಾದಕ್ಕೆ ಜಾಲಿಮುಳ್ಳಿನ ಹೊರತು ಬೇರೇನೂ ತಿಳಿಯಲಿಲ್ಲ.

ಮುಂದೆ ೧೯೯೩ರ ಚಳಿಗಾಲದಲ್ಲಿ, ಅಥಣಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನನ್ನ ಮನೆಯನ್ನು ಅವಳು ಹುಡುಕಿಕೊಂಡು ಬಂದಳು. ಎಲೆಅಡಿಕೆಯ ಸಂಚಿಯಿಂದ ಅರಿವೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಸುಟ್ಟ ಮಣ್ಣಿನ ಪುಟ್ಟ ಗಾಲಿ. ದಿಬ್ಬದಲ್ಲಿ ಸಿಕ್ಕ ಮಕ್ಕಳ ಆಟದ ಬಂಡಿಗೆ ಒಂದೇ ಗಾಲಿ ಇದೆಯೆಂದು ನಾನೇ ಅಂದು ಟಿಪ್ಪಣಿ ಬರೆದಿದ್ದೆ. ಇನ್ನೊಂದು ಇದು.

"ಆಗ ನನ್ನ ಮಗಳು ರಾಮವ್ವಗ ಜ್ವರಾ ಬಂದಿತ್ರಿ. ಬುಟ್ಟಿ ಬಾಜೂಕ ಮಲಗಿಸಿದ್ನಿ. ಆಡ್ಲಿ ಅಂತ ಇದನ್ನ ಕೊಟ್ನಿ, ಸಂಜೀಕ ತಿರುಗಿ ಇಡಬೇಕಂತ. ಕೂಸು ಮುಷ್ಟಿ ಬಿಚ್ಚಲೇ ಇಲ್ರಿ."

ಮೂರನೆಯ ದಿನ ಮಗು ತೀರಿಕೊಂಡಿತ್ತು. ಆ ಮುಷ್ಟಿಯಿಂದ ಬಿಡಿಸಿಕೊಂಡದ್ದನ್ನು ತಾಯಿ ಇಪ್ಪತ್ತೊಂಬತ್ತು ವರ್ಷ ಸೊಂಟದಲ್ಲಿ ಇಟ್ಟುಕೊಂಡಿದ್ದಳು. "ನಾ ಸತ್ತರ ಇದನ್ನ ಹೊಲಕ್ಕ ಒಗೀತಾರ್ರಿ. ಇದು ನನ್ನ ಕೂಸಿಂದಲ್ಲ, ಯಾವುದೋ ಕೂಸಿನ ಬಂಡೀದು" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಇಬ್ಬರೂ ದಿಬ್ಬಕ್ಕೆ ಹೋದೆವು. ನಾವು ಅಗೆದ ಕುಣಿಗಳಲ್ಲಿ ಜಾಲಿ ಬೆಳೆದಿತ್ತು. ಮಗ್ಗುಲಲ್ಲಿ ಮೂರು ಕೋಣೆಯ ವಸ್ತುಸಂಗ್ರಹಾಲಯ ಎದ್ದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಆ ಬಂಡಿ ಎರಡು ಗಾಲಿಗಳ ಮೇಲೆಯೇ ನಿಂತಿತ್ತು. ಇಲ್ಲದ ಗಾಲಿಯನ್ನು ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ್ದರು. ಹೊಳೆವ್ವ ಬಗ್ಗಿ ಬಹಳ ಹೊತ್ತು ನೋಡಿ, "ಇದು ಉರಳಂಗಿಲ್ರಿ" ಎಂದಳು.

ಅಲ್ಲಿಯ ಅಧಿಕಾರಿ ಜಿನ್ನಪ್ಪ ಒಳ್ಳೆಯ ತರುಣ. ಗಾಲಿ ಕಂಡು ಹಿಗ್ಗಿದವನು ಕಥೆ ಕೇಳಿ ಬೆವತುಹೋದ. ಸರಕಾರಿ ವಸ್ತು; ಕಳವೆಂದರೆ ಈ ವಯಸ್ಸಿನಲ್ಲಿ ಮುದುಕಿ ಪೊಲೀಸರೆದುರು ನಿಲ್ಲಬೇಕಾದೀತು. "ಹೊಲದಾಗ ಸಿಕ್ತು ಅಂತ ಬರೀತೀನಿ ಆಯಿ, ಮುಗದ ಹೋತು" ಎಂದ. ಹಾಗೆಯೇ ಆಗಲಿ ಎಂದು ನಾನೂ ದನಿಗೂಡಿಸಿದೆ.

ಹೊಳೆವ್ವ ನನ್ನ ಕಡೆ ತಿರುಗಿದಳು. "ಸಿಕ್ಕ ಜಾಗಾ ತಪ್ಪ ಬರದ್ರ ಒಂದ ಮನೀನ ಅಳಿಸಿದಂಗ ಅಂತ ನೀವ ಹೇಳ್ತಿದ್ರೆಲ್ರಿ, ಮಾಸ್ತರ?"

ಹೌದು, ಕೂಲಿಯವರನ್ನು ಸಾಲಾಗಿ ನಿಲ್ಲಿಸಿ ದಿನವೂ ಅದನ್ನೇ ಬೋಧಿಸುತ್ತಿದ್ದೆ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವಳು ಗಾಲಿಯನ್ನು ಮೇಜಿನ ಮೇಲಿಟ್ಟು ನಿಂತೇ ಹೇಳಿದಳು: "ಬರಕೋರಿ. ಐದನೇ ಕುಣಿ, ಒಲೀ ಬಾಜೂಕ ಸಿಕ್ಕಿತ್ತು. ಹೊಳೆವ್ವ ಕದ್ದಿದ್ಲು. ಹೊಳೆವ್ವ ತಂದ ಕೊಟ್ಲು."

ಜಿನ್ನಪ್ಪ ಬರೆದುಕೊಂಡ. ಅವಳು ಹೆಬ್ಬೆಟ್ಟು ಒತ್ತುವ ಮುನ್ನ ಅವನು ಮೆಲ್ಲಗೆ ಕೇಳಿದ, "ಕೂಸಿನ ಸುದ್ದೀನೂ ಬರೀಲೇನ್ರಿ, ಆಯಿ? ಬರದ್ರ ಯಾರೂ ಏನೂ ಅನ್ನಂಗಿಲ್ಲ."

"ಬ್ಯಾಡೋ ಯಪ್ಪಾ. ಅದು ನಂದು."

ಅರಸರು ತಮ್ಮ ಗೆಲುವನ್ನಷ್ಟೇ ಕಲ್ಲಿನಲ್ಲಿ ಕೆತ್ತಿಸಿದರು. ಓದಿದ ನಾವು ಹೆಸರಿಗೆ ಕಲೆ ಹತ್ತದಂತೆ ನೋಡಿಕೊಂಡು ಬರೆಯುತ್ತೇವೆ. ಬುಟ್ಟಿ ಹೊತ್ತವರ ಹೆಸರನ್ನು ಯಾರೂ ಕೇಳುವುದಿಲ್ಲ. ಜನ್ಮದಲ್ಲಿ ಒಮ್ಮೆ ಕೇಳಿದಾಗ, ತಪ್ಪನ್ನು ತಮ್ಮ ಹೆಸರಿಗೆ ಬರೆಸಿ, ದುಃಖವನ್ನು ಯಾರಿಗೂ ಒಪ್ಪಿಸದೆ ಮನೆಗೆ ಒಯ್ಯುವ ಜನ ಅವರು.