ಹೊಟ್ಟು ತುಂಬಿದ ಗುಮ್ಮಟ

ಕೋಟ್ ಬಖ್ಶಿ ಊರಿನಲ್ಲಿ ಬಾಬಾ ಸಾವನ್ ದಾಸರ ಸಮಾಧಿ ಮಲಿಕ್ ಕರಮದಾದನ ಹಿತ್ತಲಿಗೆ ಸೇರಿ ನಲವತ್ತು ವರ್ಷ ದಾಟಿತ್ತು. ಬಾಬಾನಿಗೆ ನಡೆದುಕೊಳ್ಳುತ್ತಿದ್ದ ಸಿಖ್ಖರೂ ಹಿಂದೂಗಳೂ ದೇಶ ಒಡೆದ ನಲವತ್ತೇಳರಲ್ಲಿ ಒಂದೇ ವಾರದೊಳಗೆ ಹೊರಟುಹೋಗಿದ್ದರು. ಗೋಧಿ ಕೊಯ್ಲು ಮುಗಿದ ಮೇಲೆ ಮಲಿಕ್ ಆ ಕಟ್ಟಡದೊಳಗೆ ವರ್ಷದ ಹೊಟ್ಟು ತುಂಬಿಸುತ್ತಿದ್ದ. ಮೊದಲು ಬಾಗಿಲಿನಿಂದ, ಬಾಗಿಲು ಮುಚ್ಚಿಹೋದ ಮೇಲೆ ಕೊಟ್ಟಿಗೆಯ ಮಾಳಿಗೆಗೆ ತಾಗಿದ್ದ ಮೇಲಿನ ಕಿಂಡಿಯಿಂದ. ಕೊನೆಗೆ ಕಿಂಡಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದರೆ ಎಮ್ಮೆಗಳಿಗೆ ಮುಂದಿನ ಬೇಸಿಗೆಯವರೆಗೆ ಚಿಂತೆಯಿಲ್ಲ.

ಒಳಗಿನ ಗೋಡೆಯ ಚಿತ್ರಗಳಿಗೆ ಮುಖಗಳು ಉಳಿದಿರಲಿಲ್ಲ. ಕೋಲು ಹಿಡಿದ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತರದವರೆಗೆ ಯಾರೋ ಎಲ್ಲರನ್ನೂ ಕೆರೆದು ಹಾಕಿದ್ದರು. ಗುಮ್ಮಟದ ಬುಡದಲ್ಲಿ ಮಾತ್ರ ಇನ್ನೊಂದು ಸಾಲು ಇತ್ತು. ಕೆಳಗೆ ನಿಂತು ನೋಡಿದರೆ ಅದು ಬರೀ ಕಪ್ಪು. ಈ ವರ್ಷ ಬೆಳೆ ಹುಲುಸಾಗಿ ಬಂದು ಹೊಟ್ಟು ಎಂದೂ ಇಲ್ಲದಷ್ಟು ಮೇಲೇರಿದೆ ಎಂದು ಚಹಾದಂಗಡಿಯಲ್ಲಿ ಕೇಳಿದ ರಾತ್ರಿ ಸಫ್ದರನಿಗೆ ನಿದ್ದೆ ಬರಲಿಲ್ಲ. ಹೊಟ್ಟಿನ ಮೇಲೆ ನಿಂತರೆ ಆ ಸಾಲು ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಸಫ್ದರ್ ಚರಿತ್ರೆಯಲ್ಲಿ ಎಂ.ಎ. ಮಾಡಿ ಮೂರು ವರ್ಷದಿಂದ ಮನೆಯಲ್ಲಿದ್ದ. ಊರಿನ ಪಾಳುಬಿದ್ದ ಗುಡಿ, ಗುರುದ್ವಾರ, ಛತ್ರಗಳು ಒಟ್ಟು ಹನ್ನೆರಡು. ಅಷ್ಟನ್ನೂ ಫೋಟೋಸಮೇತ ದಾಖಲಿಸಿ ಕೊಟ್ಟರೆ ಸಹಾಯಕನಾಗಿ ಲಾಹೋರಿಗೆ ಕರೆಸಿಕೊಳ್ಳುತ್ತೇನೆ ಎಂದು ಅವನ ಪ್ರೊಫೆಸರ್ ಬರೆದಿದ್ದರು. ಹನ್ನೊಂದು ಮುಗಿದಿತ್ತು, ಉಳಿದದ್ದು ಈ ಸಮಾಧಿ. ಆದರೆ ಮಲಿಕನನ್ನು ಕೇಳುವ ಹಾಗಿರಲಿಲ್ಲ. ಚಳಿಗಾಲದಲ್ಲಿ ಸಫ್ದರನ ತಾಯಿ ಮಲಿಕನ ಮಗಳು ಸಾಜಿದಾಳನ್ನು ಸೊಸೆಯಾಗಿ ಕೇಳಲು ಮಿಠಾಯಿ ಡಬ್ಬಿ ತೆಗೆದುಕೊಂಡು ಹೋಗಿದ್ದಳು. ಕಟ್ಟಿದ ದಾರ ಕೂಡ ಬಿಚ್ಚದೆ ಆ ಡಬ್ಬಿ ಮರುದಿನ ವಾಪಸು ಬಂದಿತ್ತು. ಸಾಜಿದಾಳ ಜೊತೆ ಸಫ್ದರ್ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಆಡುವ ಪ್ರಶ್ನೆಯೇ ಇರಲಿಲ್ಲ.

ಕಿಂಡಿ ಮುಚ್ಚುವುದು ಶನಿವಾರ ಎಂದು ಕೇಳಿದ್ದ. ಶುಕ್ರವಾರ ಬೆಳಿಗ್ಗೆ ಮಲಿಕನೂ ಗಂಡುಮಕ್ಕಳೂ ಹೊಳೆಯಾಚೆಯ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು, ಹಿಂದಿನ ಉಪ್ಪುನೇರಳೆ ಮರ ಹಿಡಿದು ಕೊಟ್ಟಿಗೆಯ ಮಾಳಿಗೆಗೆ ಹತ್ತಿದ. ಯಾವ ಪಾಳುಗುಡಿಯಾದರೂ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ಅವನಿಗೆ ರೂಢಿಯಾಗಿತ್ತು. ಕಿಂಡಿಯ ಕೆಳಗೆ ಎರಡನ್ನೂ ಜೋಡಿಸಿಟ್ಟು ಒಳಗಿಳಿದ. ಹೊಟ್ಟು ಅವನನ್ನು ತೊಡೆಯವರೆಗೆ ನುಂಗಿತು.

ಟಾರ್ಚ್ ಹಾಕಿದ. ಮರದ ಕೆಳಗೆ ಕೂತ ಗುರು, ಪಕ್ಕದಲ್ಲಿ ರಬಾಬ್ ನುಡಿಸುವವನು. ಆಚೆ ಕೊಳಲು ಹಿಡಿದ ಕೃಷ್ಣ. ಅವರಿಬ್ಬರ ನಡುವೆ, ಯಾರಿಗೂ ಸಂಬಂಧವಿಲ್ಲದವಳ ಹಾಗೆ, ಕನ್ನಡಿ ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು. ಬಣ್ಣ ನಿನ್ನೆ ಹಚ್ಚಿದಂತಿತ್ತು. ಎಲ್ಲರಿಗೂ ಮುಖವಿತ್ತು. ಔಷಧಿ ಅಂಗಡಿಯ ಗೆಳೆಯನಿಂದ ಎರವಲು ತಂದ ಕ್ಯಾಮೆರಾದಲ್ಲಿ ಒಂಬತ್ತು ಫೋಟೋ ತೆಗೆದ. ಲಾಹೋರಿನ ಬಸ್ಸು ಆಗಲೇ ಹೊರಟು ನಿಂತಿದೆ ಅನ್ನಿಸಿತು.

ಆಗ ಏಣಿಯ ಸದ್ದು ಕೇಳಿತು.

"ಬೇಬೇ, ಏಣಿ ಅಲ್ಲಾಡ್ತಿದೆ, ಹುಷಾರು."

"ಏಣಿ ಅಲ್ಲ ಕಣೇ, ನನ್ನ ಮಂಡಿ ಅಲ್ಲಾಡ್ತಿರೋದು. ಹತ್ತು ನೀನು ಮೊದ್ಲು. ಪಡುವಣದಲ್ಲಿ ಆಕಾಶ ಹೇಗೆ ಕೆಂಪಾಗಿದೆ ನೋಡು. ಧೂಳುಗಾಳಿ ಎದ್ರೆ ನಾಳೆ ಮುಚ್ಚೋಕೆ ಕಿಂಡಿ ಇರುತ್ತೆ, ಒಳಗೆ ಹೊಟ್ಟಿರಲ್ಲ."

ತಾಯಿ ಬಶೀರಾ, ಮಗಳು ಸಾಜಿದಾ. ಸಫ್ದರ್ ಟಾರ್ಚ್ ಆರಿಸಿ ಕಿಂಡಿಯ ಪಕ್ಕದ ಗೋಡೆಗೆ ಅಂಟಿ ನಿಂತ. ಮಾಳಿಗೆಯ ಮೇಲೆ ಹೆಜ್ಜೆಗಳು ಹತ್ತಿರ ಬಂದವು, ನಿಂತವು. ಚಪ್ಪಲಿಯ ನೆನಪು ಅವನಿಗೆ ಆಗ ಬಂತು. ಆಮೇಲೆ ಕಿಂಡಿಯಿಂದ ಒಂದು ಚಪ್ಪಲಿ ಒಳಗೆ ಬಂದು ಅವನ ಪಕ್ಕಕ್ಕೆ ಬಿತ್ತು. ಇನ್ನೊಂದು ಎದೆಗೇ ಬಡಿಯಿತು.

"ಏನೇ ಅದು ಎಸೆದಿದ್ದು?"

"ಹಲ್ಲಿ ಬೇಬೇ. ಸತ್ತ ಹಲ್ಲಿ."

"ಹೊಟ್ಟಿಗೆ ಹಾಕಿದ್ಯಾ? ಎಮ್ಮೆ ಬಾಯಿಗೆ ಹೋಗಲ್ವಾ?"

"ಹೋದ್ರೆ ಹೋಗ್ಲಿ. ಇಲ್ಲಿಗೆ ಬಾ ಅಂತ ಹಲ್ಲೀನ ಯಾರು ಕರೆದಿದ್ರು?"

ಮೊದಲ ಸಾಲು ಇಟ್ಟಿಗೆ ಏರಿತು. ಒದ್ದೆ ಮಣ್ಣನ್ನು ಅಂಗೈಯಿಂದ ಬಡಿಯುವ ಸದ್ದು. ಈಗ ಕೂಗಿಬಿಡಬಹುದು, ಚಿತ್ರ ನೋಡಲು ಬಂದೆ ಎನ್ನಬಹುದು, ಬೈಸಿಕೊಂಡು ಇಳಿದು ಹೋಗಬಹುದು ಎಂದು ಸಫ್ದರ್ ಬಾಯಿ ತೆರೆದ. ಅಷ್ಟರಲ್ಲಿ ಬಶೀರಾಳೇ ಅವನ ಹೆಸರೆತ್ತಿದಳು.

"ಆ ಸಫ್ದರ ನಿನ್ನೇನೂ ನಮ್ಮ ಹಿಂದಿನ ಗೋಡೆ ಹತ್ರ ನಿಂತಿದ್ನಂತೆ. ಪಕ್ಕದ್ಮನೆ ಹಮೀದಾ ನೋಡಿದ್ಲು."

"ಗೋಡೆ ನೋಡೋಕೆ ನಿಂತಿರ್ತಾರೆ ಬೇಬೇ. ಅವರಿಗೆ ಅದೇ ಕೆಲಸ."

"ಹದಿನಾರು ಕ್ಲಾಸು ಓದಿದ ಗಂಡು ಗೋಡೆ ನೋಡೋಕೆ ನಿಲ್ತಾನೆ ಅಂದ್ರೆ ನಿಮ್ಮಪ್ಪ ನಂಬ್ತಾನಾ? ಚಕ್ವಾಲಿನ ಬೀಗರು ನಂಬ್ತಾರಾ? ಮುಂದಿನ ತಿಂಗಳು ದಿಬ್ಬಣ ಬಂದು ನಿನ್ನ ಕರ್ಕೊಂಡು ಹೋಗೋವರ್ಗೆ ಈ ಕಡೆ ಒಂದು ಬೆಕ್ಕೂ ಸುಳೀಬಾರ್ದು ಅಂದಿದಾನೆ ನಿಮ್ಮಪ್ಪ. ಸುಳಿದ್ರೆ ಬೆಕ್ಕಿಗೇನು ಮಾಡ್ತಾನೋ ಗೊತ್ತಿಲ್ಲ. ನಿನಗೇನು ಮಾಡ್ತಾನೆ ಅಂತ ನನಗೆ ಗೊತ್ತು."

ಇನ್ನೊಂದು ಇಟ್ಟಿಗೆ ಕೂತಿತು.

ಸಫ್ದರ್ ಬಾಯಿ ಮುಚ್ಚಿದ. ಅವನ ಒಂದು ಕೂಗಿಗೆ ಅವನಿಗೆ ಸಿಗುವುದು ನಾಲ್ಕು ಏಟು. ಸಾಜಿದಾಳ ಪಾಲಿಗೆ ಬರುವುದು ಏನು ಎಂದು ಊರಿನಲ್ಲಿ ಹುಟ್ಟಿದ ಯಾರೂ ಕೇಳಬೇಕಾಗಿರಲಿಲ್ಲ. ಹೊಟ್ಟಿನ ಧೂಳು ಗಂಟಲಿಗೆ ಇಳಿದು ಕೆಮ್ಮು ಒತ್ತರಿಸಿಕೊಂಡು ಬಂತು. ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ.

ಬೆಳಕು ಒಂದು ಅಂಗೈಯಷ್ಟು ಉಳಿದಾಗ ಸಾಜಿದಾ ದನಿ ಏರಿಸಿದಳು. "ಈಗ ಒಂದು ಕೈ ಮಣ್ಣು ಸಾಕು ಬೇಬೇ. ಎರಡನೇ ಕೈ ಜುಮಾ ನಮಾಜಿನ ಹೊತ್ತಿಗೆ ನಾನೊಬ್ಳೇ ಬಂದು ಮೆತ್ತೀನಿ. ಗಂಡಸ್ರೆಲ್ಲ ಮಸೀದೀಲಿರ್ತಾರೆ. ನೀನು ಮಲಗಿರು. ಅಲ್ಲೀವರೆಗೆ ಇದನ್ನ ಯಾರೂ ಮುಟ್ಬಾರ್ದು, ಹಸಿ ಇರುತ್ತೆ."

"ಯಾಕೇ ಕೂಗ್ತೀಯ? ನಾನೇನು ಕಿವುಡೀನಾ?"

ಕೊನೆಯ ಇಟ್ಟಿಗೆ ಕೂತಿತು. ಏಣಿ ಎರಡು ಸಲ ನರಳಿತು.

ಅಷ್ಟು ಗಾಢವಾದ ಕತ್ತಲನ್ನು ಅವನು ಕಂಡಿರಲಿಲ್ಲ. ಕೆಳಗಿನ ಹೊಟ್ಟು ಬಿಸಿಯಾಗಿತ್ತು, ಉಸಿರಾಡುವ ಪ್ರಾಣಿಯ ಹೊಟ್ಟೆಯ ಮೇಲೆ ನಿಂತ ಹಾಗೆ. ಅಲುಗಿದರೆ ಇನ್ನಷ್ಟು ಹೂತುಹೋಗುತ್ತಿದ್ದ. ಕೈಚಾಚಿ ಕಿಂಡಿಯ ಹೊಸ ಗೋಡೆ ಮುಟ್ಟಿದ. ತಣ್ಣಗೆ, ಮೆತ್ತಗೆ ಇತ್ತು. ಒಂದು ಸಲ ಭುಜ ಕೊಟ್ಟರೆ ಸಾಕು, ಅಷ್ಟೂ ಇಟ್ಟಿಗೆ ಮಾಳಿಗೆಯ ಮೇಲೆ ಉರುಳುತ್ತವೆ. ಜೂನ್ ತಿಂಗಳ ಬಿಸಿಲು ಅದನ್ನು ಗಂಟೆಗಂಟೆಗೂ ಒಣಗಿಸುತ್ತಿದೆ ಎಂಬುದೂ ತಿಳಿದಿತ್ತು. ಈಗಾದರೆ ಕೆಡವಬಹುದು, ಆಮೇಲೆ ಆಗದಿರಬಹುದು.

ಆಚೆ ಮಾಳಿಗೆಗಳ ಮೇಲೆ ಹೆಂಗಸರು ಮಾತಾಡುವುದು ಕೇಳುತ್ತಿತ್ತು. ಹಮೀದಾಳ ನಗು ಬೇರೆಯಾಗಿ ಕೇಳುತ್ತಿತ್ತು.

ಜೇಬಿನಲ್ಲಿ ಪೆನ್ಸಿಲ್ ಇತ್ತು. ಇಟ್ಟಿಗೆಗಳ ನಡುವಿನ ಹಸಿ ಮಣ್ಣಿನಲ್ಲಿ ಅದನ್ನು ತಿರುವುತ್ತಾ ಹೊರಗೆ ಹಾಯಿಸಿದ. ಎಳ್ಳಿನಷ್ಟು ಬೆಳಕು ಬಂತು. ಅದಕ್ಕೆ ಬಾಯಿಟ್ಟು ಗಾಳಿ ಎಳೆದುಕೊಂಡ. ಉಳಿದ ಹೊತ್ತೆಲ್ಲ ಅವನ ಲೋಕ ಆ ತೂತು.

ಅವನ ಓದೆಲ್ಲ ಇದುವರೆಗೆ ಮುಚ್ಚಿದ ಬಾಗಿಲುಗಳ ಹೊರಗೆ ನಿಂತು ಆಗಿತ್ತು. ಹೋದವರು ಏನು ಬಿಟ್ಟು ಹೋದರು ಎಂದು ಅಳೆದು ಬರೆಯುತ್ತಿದ್ದ. ಬಾಗಿಲು ಇಷ್ಟಗಲ, ಕಮಾನು ಇಷ್ಟೆತ್ತರ. ಒಳಗಿನಿಂದ ಊರು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿರಲಿಲ್ಲ. ಎಮ್ಮೆ ಮೆಲುಕು ಹಾಕುವುದು, ಸೈಕಲ್ ಗಂಟೆ, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು, ಎಲ್ಲ ಒಂದು ಮೊಳದಾಚೆ ನಡೆಯುತ್ತಿತ್ತು. ಯಾವುದರಲ್ಲೂ ಅವನು ಇರಲಿಲ್ಲ. ಒಮ್ಮೆ ಟಾರ್ಚ್ ಹಾಕಿದ. ಕನ್ನಡಿಯ ಹೆಂಗಸು ಗೇಣು ದೂರದಲ್ಲಿದ್ದಳು. ಕನ್ನಡಿಯಲ್ಲಿ ಚಿತ್ರಕಾರ ಅವಳ ಮುಖವನ್ನು ಕಡಲೆಯಷ್ಟು ಗಾತ್ರಕ್ಕೆ ಬರೆದಿದ್ದ. ಆ ಸಣ್ಣ ಮುಖ ನೆಟ್ಟಗೆ ಅವನನ್ನೇ ನೋಡುತ್ತಿತ್ತು. ಸಹಿಸಲಾಗದೆ ಟಾರ್ಚ್ ಆರಿಸಿದ.

ಎಷ್ಟು ಹೊತ್ತಾಯಿತೋ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒಮ್ಮೆ ಭುಜವನ್ನು ಗೋಡೆಗೆ ಕೊಟ್ಟೇಬಿಟ್ಟ. ಇಟ್ಟಿಗೆ ಅಲುಗಿತು. ಹೊರಗೆ ಹಮೀದಾ ಮತ್ತೆ ನಕ್ಕಳು. ಭುಜ ಹಿಂದೆ ತೆಗೆದುಕೊಂಡ. ಸಾಜಿದಾ ಬಾರದಿದ್ದರೆ ಎಂಬ ಮಾತು ಮನಸ್ಸಿಗೆ ಬಂತು. ಅವಳು ಬರಲೇಬೇಕು ಎನ್ನುವುದಕ್ಕೆ ಅವನ ಕೈಯಲ್ಲಿ ಆಧಾರವೇ ಇರಲಿಲ್ಲ.

ಬಾಂಗ್ ಆಯಿತು. ಧ್ವನಿವರ್ಧಕದಲ್ಲಿ ಪ್ರವಚನ ಶುರುವಾಯಿತು. ಹಮೀದಾಳ ದನಿ ಕೆಳಗಿಳಿದು ಹೋಯಿತು. ಏಣಿ ಒಂದು ಸಲ ನರಳಿತು.

ಸಾಜಿದಾ ಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಜೋಡಿಸಿದಳು. ಬಿಸಿಲು ಒಳಗೆ ನುಗ್ಗಿತು. ಸಫ್ದರ್ ಚಪ್ಪಲಿಗಳನ್ನು ಹೊರಗೆಸೆದು, ಹೊಟ್ಟೆ ಮೇಲೆ ತೆವಳಿ ಹೊರಗೆ ಬಿದ್ದು, ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ. ಅವಳು ಕಂಚಿನ ಲೋಟದಲ್ಲಿ ಮಜ್ಜಿಗೆ ತಂದಿದ್ದಳು. ಅವನ ಕೈಗೆ ಕೊಡದೆ ನೆಲದ ಮೇಲಿಟ್ಟಳು.

"ಕುಡೀರಿ. ಬೇಗ. ಮೌಲ್ವಿ ಸಾಹೇಬ್ರು ಇವತ್ತು ಚಿಕ್ಕದಾಗಿ ಮುಗಿಸ್ತಾರಂತೆ, ಗಾಳಿ ಬರುತ್ತೆ ಅಂತ."

ಕುಡಿದ. "ನಾನು ಬಂದಿದ್ದು ಚಿತ್ರಕ್ಕೆ," ಎಂದ.

"ಗೊತ್ತು. ನನಗಾಗಿ ಬಂದಿದ್ರೆ ಚಪ್ಪಲಿ ಅಷ್ಟು ನೀಟಾಗಿ ಬಿಡ್ತಿರ್ಲಿಲ್ಲ." ಅವಳು ನಗಲಿಲ್ಲ. "ಏನಿದೆ ಒಳಗೆ?"

ಹೇಳಿದ. ಗುರು, ಕೃಷ್ಣ, ಕನ್ನಡಿ ಹಿಡಿದ ಹೆಂಗಸು.

"ಮುಖ ಇದೆಯಾ ಅವರಿಗೆ?"

"ಎಲ್ಲರಿಗೂ ಇದೆ."

ಟಾರ್ಚಿಗೆ ಕೈ ಚಾಚಿದಳು. ಸೊಂಟದವರೆಗೆ ಕಿಂಡಿಯೊಳಗೆ ಬಾಗಿ ನೋಡಿದಳು. ಸಫ್ದರ್ ಗೋಡೆಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಪ್ರವಚನದ ಒಂದೊಂದು ಮಾತನ್ನೂ ಎಣಿಸುತ್ತಿದ್ದ. ಅವಳಿಗೆ ಅವಸರವಿರಲಿಲ್ಲ. ಹೊರಗೆ ಬಂದಾಗ ಹುಬ್ಬಿನ ಮೇಲೆ ಹೊಟ್ಟು ಅಂಟಿತ್ತು.

"ಹುಟ್ಟಿದಾಗ್ನಿಂದ ಇವಳ ಕೆಳಗಡೆ ಹಾಲು ಕರೀತಿದೀನಿ," ಎಂದಳು. "ಒಂದು ದಿನಾನೂ ಗೊತ್ತಾಗ್ಲಿಲ್ಲ."

ಒಂದು ಇಟ್ಟಿಗೆ ಎತ್ತಿ ಅದರ ಜಾಗದಲ್ಲಿಟ್ಟಳು. ಎರಡನೆಯದನ್ನು ಕೈಯಲ್ಲಿ ಹಿಡಿದು ಕ್ಯಾಮೆರಾದ ಕಡೆ ನೋಡಿದಳು.

"ಫೋಟೋ ತೆಗೆದ್ರಾ?"

"ಹೂಂ."

"ಅವರ ಮುಖದ ಎದುರಿಗೇ ನಿಂತು?"

ಸಫ್ದರ್ ಕ್ಯಾಮೆರಾವನ್ನು ಮಡಿಲಿಗೆ ಎಳೆದುಕೊಂಡ.

"ಲಾಹೋರಲ್ಲಿ ಪುಸ್ತಕದಲ್ಲಿ ಹಾಕ್ತಾರಾ?"

"ಹಾಕಬಹುದು. ನನ್ನ ಹೆಸರಿನ ಜೊತೆ."

ಅವಳು ಉಳಿದ ಇಟ್ಟಿಗೆಗಳನ್ನೂ ಇಟ್ಟಳು. ಮಣ್ಣು ತೆಗೆದುಕೊಂಡು ಮೆತ್ತತೊಡಗಿದಳು. ಸಫ್ದರನಿಗೆ ಆಗ ಹೊಳೆಯಿತು: ಆ ಮುಖಗಳ ಎದುರಿಗೆ ನಿಂತು ಫೋಟೋ ತೆಗೆಯಲು ಅಷ್ಟು ಎತ್ತರಕ್ಕೆ ಏರಬೇಕಾದರೆ ಹೊಟ್ಟು ತುಂಬಿರಬೇಕು. ಈ ವರ್ಷ ಬಿಟ್ಟರೆ ಅಷ್ಟು ತುಂಬಿದ್ದೇ ಇಲ್ಲ. ತುಂಬಿದ ಮೇಲೆ ಕಿಂಡಿ ತೆರೆದಿದ್ದದ್ದು ಒಂದೇ ಬೆಳಿಗ್ಗೆ, ಆ ಹೊತ್ತು ಮನೆಯಲ್ಲಿದ್ದವರು ಇಬ್ಬರೇ ಹೆಂಗಸರು. ಮಲಿಕನಿಗೆ ಓದು ಬಾರದಿದ್ದರೂ ಈ ಲೆಕ್ಕ ಬರುತ್ತಿತ್ತು. ಚಕ್ವಾಲಿಗೆ ಹೋಗಿ ಹತ್ತು ವರ್ಷವಾಗಿ ನಾಲ್ಕು ಮಕ್ಕಳಾದ ಮೇಲೂ ಆ ಲೆಕ್ಕ ಅವಳನ್ನು ಹುಡುಕಿಕೊಂಡು ಹೋಗಬಲ್ಲದು.

"ಹೋಗಿ," ಎಂದಳು, ಬೆನ್ನು ತಿರುಗಿಸಿಯೇ. "ಮರದ ಕಡೆಯಿಂದ. ಚಪ್ಪಲಿ ಮರೀಬೇಡಿ."

ಸಫ್ದರ್ ಇಳಿದು, ಯಾರೂ ಇಲ್ಲದ ಗಲ್ಲಿಯಲ್ಲಿ ನಡೆದು ಮನೆ ಸೇರಿದ. ಸಂಜೆ ಧೂಳುಗಾಳಿ ಬಂದು ಊರೆಲ್ಲ ಕೆಂಪಾಯಿತು. ಮರುದಿನ ಗಾಳಿ ಇಳಿದ ಮೇಲೆ ಕ್ಯಾಮೆರಾ ವಾಪಸು ಕೊಡಬೇಕಿತ್ತು. ಅದರಲ್ಲಿದ್ದ ರೀಲಿನಲ್ಲಿ ಛತ್ರದ್ದೂ ಅದರ ಕಲ್ಯಾಣಿಯದೂ ಚಿತ್ರಗಳಿದ್ದವು. ಅವನ್ನು ಮತ್ತೆ ತೆಗೆಯಬಹುದು. ಗುಮ್ಮಟದ ಸಾಲು ಹಾಗಲ್ಲ, ಮುಂದಿನ ವರ್ಷ ಬೆಳೆ ಹೇಗಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ಅಂಗಳದಲ್ಲಿ ಕೂತು ಪ್ರೊಫೆಸರಿಗೆ ಕಳಿಸುವ ಪಟ್ಟಿಯ ಹನ್ನೆರಡನೆಯ ಪುಟ ಬರೆದ. ಕಟ್ಟಡದ ಅಳತೆ, ಇಟ್ಟಿಗೆಯ ಬಗೆ, ಕೆಳಗಿನ ಚಿತ್ರಗಳ ಸ್ಥಿತಿ. ಮೇಲಿನ ಸಾಲು ಎಂಬಲ್ಲಿಗೆ ಬಂದು ಬಹಳ ಹೊತ್ತು ಕೂತ. ಆಮೇಲೆ ಬರೆದ: ಒಳಗೆ ಹೊಟ್ಟು ತುಂಬಿದ್ದರಿಂದ ನೋಡಲಾಗಲಿಲ್ಲ.

"ಮುಗೀತಾ ಪುತ್ತರ್?" ತಾಯಿ ಒಲೆಯ ಹತ್ತಿರದಿಂದ ಕೇಳಿದಳು. "ಕರೀತಾರಾ ಅವರು?"

"ಇದನ್ನ ನೋಡಿ ಕರೆಯೋದಿಲ್ಲ ಅಮ್ಮೀ."

ಕ್ಯಾಮೆರಾದ ಹಿಂಬದಿ ತೆರೆದ. ಬೆಳಕು ತಾಗಿದರೆ ಚಿತ್ರ ಅಳಿದುಹೋಗುವ ಆ ಸುರುಳಿಯನ್ನು ಪೂರ್ತಿ ಹೊರಗೆಳೆದು ಬಿಸಿಲಿಗೆ ಹಿಡಿದ. ಅದರ ಮೇಲೆ ಏನೂ ಕಾಣುತ್ತಿರಲಿಲ್ಲ. ಆದರೂ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ಒಂದೊಂದೇ ಮೊಳ ಸರಿಸುತ್ತಾ, ಕಣ್ಣಿಟ್ಟು ನೋಡಿದ.